ದೂಳಿಲ್ಲದ ಕೋಣೆಯಿಂದ ಕ್ಯೂಬಿಟ್‌ವರೆಗೆ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. 1909ರಲ್ಲಿ ಶುರುವಾದ ಈ ಐಐಎಸ್‌ಸಿಯಲ್ಲಿ ಈಗ ಕ್ವಾಂಟಮ್ ಕಂಪ್ಯೂಟರಿನ ಮಾತು ಜೋರಾಗಿದೆ. ನಿನ್ನೆ ಮೊನ್ನೆಯ ಹುರುಪಲ್ಲ ಇದು. ಬೇರು ಹುಡುಕಿಕೊಂಡು ಹೋದರೆ ಒಂದು ದೂಳಿಲ್ಲದ ಕೋಣೆ, ಅಂದರೆ ಕ್ಲೀನ್‌ರೂಮ್, ಸಿಗುತ್ತದೆ.

ಕೇಂದ್ರ ಸರ್ಕಾರ ನ್ಯಾನೋ (ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಅಳತೆಯ) ಸಂಶೋಧನೆಗೆ ದುಡ್ಡು ಹಾಕಲು ಶುರು ಮಾಡಿದ್ದು 2001ರಲ್ಲಿ. 2007ರಲ್ಲಿ ಅದು 1000 ಕೋಟಿ ರೂಪಾಯಿಯ ನ್ಯಾನೋ ಮಿಷನ್ ಆಗಿ ಬೆಳೆಯಿತು. ಅದರ ಚುಕ್ಕಾಣಿ ಹಿಡಿದವರು ನಮ್ಮ ಸಿ.ಎನ್.ಆರ್. ರಾವ್. ಅಷ್ಟರಲ್ಲೇ, 2006ರಲ್ಲಿ, ಐಐಎಸ್‌ಸಿಗೂ ಐಐಟಿ ಬಾಂಬೆಗೂ ನ್ಯಾನೋ ಎಲೆಕ್ಟ್ರಾನಿಕ್ಸ್ ಕೇಂದ್ರಗಳು ಮಂಜೂರಾಗಿದ್ದವು. ಐಐಎಸ್‌ಸಿಯಲ್ಲಿ ‘ಸೆನ್ಸ್’ ಎಂದು ಕರೆಯುವ ನ್ಯಾನೋ ವಿಭಾಗ ಹುಟ್ಟಿದ್ದು 2010ರಲ್ಲಿ.

ಫಿಸಿಕ್ಸ್, ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್, ಬಯಾಲಜಿಯವರೆಲ್ಲ ಒಂದೇ ಸೂರಿನಡಿ ಬಂದದ್ದು ಯಾಕೆ? ಭಾಷಣಗಳಲ್ಲಿ ‘ಅಂತರಶಿಸ್ತೀಯ’ ಅನ್ನುವ ದೊಡ್ಡ ಪದ ಕೇಳಿಸುತ್ತದೆ. ನನ್ನ ಲೆಕ್ಕದಲ್ಲಿ ಕಾರಣ ಸರಳ: ಯಂತ್ರಗಳು ವಿಪರೀತ ದುಬಾರಿ. ಪ್ರತಿ ವಿಭಾಗಕ್ಕೂ ಒಂದೊಂದು ಕ್ಲೀನ್‌ರೂಮ್ ಕಟ್ಟಿಕೊಡುವುದು ಆಗದ ಮಾತು. ಅಡುಗೆಮನೆ ಒಂದೇ ಆದಾಗ ಓರಗಿತ್ತಿಯರು ಮಾತಾಡಲೇಬೇಕು, ಅಲ್ವಾ?

ಆ ಅಡುಗೆಮನೆ ಸುಮಾರು 14,000 ಚದರ ಅಡಿಯದು. ಅದರಲ್ಲಿ ‘ಕ್ಲಾಸ್ 100’ ಜಾಗವೂ ಇದೆ. ಹಾಗೆಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರು ದಾಟುವಂತಿಲ್ಲ. ನಮ್ಮ ಮನೆಯ ಗಾಳಿಯಲ್ಲಿ ಅವು ಲಕ್ಷಗಟ್ಟಲೆ. ಒಳಗೆ ಹೋಗುವವರು ಅಡಿಯಿಂದ ಮುಡಿವರೆಗೆ ಮುಚ್ಚಿಕೊಳ್ಳಬೇಕು. ಅದು ಅವರ ರಕ್ಷಣೆಗಲ್ಲ. ಅವರ ಚರ್ಮ, ಕೂದಲಿನಿಂದ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ ಕೆಡದಿರಲಿ ಅಂತ. ಬಿಲ್ಲೆಯ ಮೇಲೆ ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಕೋಣೆಯಲ್ಲಿ ಬರೀ ಹಳದಿ ದೀಪ. ಬಿಲ್ಲೆಗೆ ಬಳಿಯುವ ರಾಸಾಯನಿಕಕ್ಕೆ ನೀಲಿ ಬೆಳಕು ಆಗಿಬರುವುದಿಲ್ಲ. ಹಳೇ ಫೋಟೋ ಸ್ಟುಡಿಯೋಗಳ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಇರುತ್ತಿತ್ತಲ್ಲ, ಅದೇ ಲೆಕ್ಕ. 2008ರಲ್ಲಿ ಶುರುವಾದ ಐಎನ್‌ಯುಪಿ (ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ) ಯೋಜನೆಯಿಂದ ಬೇರೆ ಊರಿನ ಕಾಲೇಜುಗಳವರೂ ಇಂಥ ಸೌಲಭ್ಯ ಬಳಸುವಂತಾಯಿತು.

ಕ್ವಾಂಟಮ್ ಬಂದದ್ದೂ ಇದೇ ಬಾಗಿಲಿನಿಂದ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಪುಟ್ಟ ಘಟಕವೇ ಕ್ಯೂಬಿಟ್. ಅದರಲ್ಲೊಂದು ಬಗೆಯಾದ ಸೂಪರ್‌ಕಂಡಕ್ಟಿಂಗ್ (ಅಡೆತಡೆಯಿಲ್ಲದೆ ವಿದ್ಯುತ್ ಹರಿಸುವ) ಕ್ಯೂಬಿಟ್‌ನ ಜೀವಾಳ ಎರಡು ಅಲ್ಯೂಮಿನಿಯಂ ಪದರ, ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್. ‘ಕೂದಲೆಳೆಯಷ್ಟು ಹೆಚ್ಚುಕಮ್ಮಿ’ ಅನ್ನುವ ಮಾತೂ ಇಲ್ಲಿ ದೊಡ್ಡ ಅಳತೆಯಾಯಿತು; ಆಕ್ಸೈಡಿನ ದಪ್ಪ ಒಂದೆರಡು ಅಣುಗಳಷ್ಟು ಬದಲಾದರೂ ಕ್ಯೂಬಿಟ್‌ನ ನಡತೆ ಬದಲಾಗುತ್ತದೆ. ಅದಕ್ಕೆ ಕ್ಲೀನ್‌ರೂಮೇ ಬೇಕು.

2020ರಲ್ಲಿ ಐಐಎಸ್‌ಸಿ ತನ್ನದೇ ಕ್ವಾಂಟಮ್ ಕಾರ್ಯಕ್ರಮ ಆರಂಭಿಸಿತು. 2023ರ ಏಪ್ರಿಲ್‌ನಲ್ಲಿ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಹಬ್‌ಗಳಲ್ಲಿ ಕಂಪ್ಯೂಟಿಂಗ್ ಹಬ್ ಸಿಕ್ಕಿದ್ದು ಐಐಎಸ್‌ಸಿಗೆ. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ ಅನ್ನುವುದು ಮಿಷನ್‌ನ ಗುರಿ. ಸುಮ್ನೆ ಅಲ್ಲ ಅದು. ಈ ಕ್ಯೂಬಿಟ್‌ಗಳ ಚಿಪ್ ಕೆಲಸ ಮಾಡುವುದು ಬಾಹ್ಯಾಕಾಶಕ್ಕಿಂತಲೂ ತಣ್ಣಗಿನ ಫ್ರಿಡ್ಜಿನಲ್ಲಿ. ಕ್ಯೂಬಿಟ್ ಜಾಸ್ತಿಯಾದಷ್ಟೂ ವೈರು ಜಾಸ್ತಿ, ಪ್ರತಿ ವೈರೂ ಹೊರಗಿನ ಬಿಸಿಯನ್ನು ಒಂದಿಷ್ಟು ಒಳಗೆ ತರುತ್ತದೆ. ಹಾಗಾಗಿ ಇನ್ನು ಮೇಲೆ ಈ ಅಡುಗೆಮನೆಗೆ ಫ್ರಿಡ್ಜ್ ಗೊತ್ತಿರುವವರೂ, ವೈರಿಂಗ್ ಗೊತ್ತಿರುವವರೂ ಬರಬೇಕು.