ಸೇನೆಯ ಮಾತು ತಡವಾಗುವುದೇಕೆ?

2025ರ ಆಗಸ್ಟ್ 9, ಬೆಂಗಳೂರು. ಏರ್ ಚೀಫ್ ಮಾರ್ಷಲ್ ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರು, ಆಪರೇಷನ್ ಸಿಂಧೂರದ ವೇಳೆ ಪಾಕಿಸ್ತಾನದ ಐದು ಯುದ್ಧವಿಮಾನಗಳನ್ನೂ ಒಂದು ದೊಡ್ಡ ವಿಮಾನವನ್ನೂ ಹೊಡೆದುರುಳಿಸಿದ್ದೇವೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಆದರೆ ಕಾರ್ಯಾಚರಣೆ ನಡೆದದ್ದು ಮೇ ತಿಂಗಳಲ್ಲಿ. ಅಷ್ಟರೊಳಗೆ ಪಾಕಿಸ್ತಾನ ತನ್ನ ಲೆಕ್ಕವನ್ನು ಜಗತ್ತಿಗೆಲ್ಲ ಹೇಳಿ ಮುಗಿಸಿತ್ತು.

ಈ ತಡ ಇಂದು ನಿನ್ನೆಯದಲ್ಲ. 1909ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ 'ಫೌಜಿ ಅಖ್ಬಾರ್' (1954ರಿಂದ 'ಸೈನಿಕ್ ಸಮಾಚಾರ್') ಇದ್ದದ್ದು ಸಿಪಾಯಿಗಳಿಗಾಗಿ. ಜನಸಾಮಾನ್ಯರಿಗೆ ಸೇನೆ ನೇರವಾಗಿ, ದಿನವೂ ಮಾತಾಡಿದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಟಿವಿ ಮನೆಮನೆಗೂ ಯುದ್ಧ ತಂದಿತ್ತು. ಆಗ ಕರ್ನಲ್ ಆಗಿದ್ದ, ಮುಂದೆ ಭೂಸೇನಾ ಮುಖ್ಯಸ್ಥರಾದ ಬಿಕ್ರಂ ಸಿಂಗ್ ಸುದ್ದಿಗೋಷ್ಠಿಗಳಲ್ಲಿ ವಿವರ ಕೊಡುತ್ತಿದ್ದರು. ಕಾರ್ಯಾಚರಣೆ ಬಲ್ಲವರೇ ಬಾಯಿ ಬಿಟ್ಟರೆ ಜನ ನಂಬುತ್ತಾರೆಂಬುದು ಅಲ್ಲೇ ಗೊತ್ತಾಯಿತು.

ಗೊತ್ತಾದದ್ದು ಉಳಿಯಲಿಲ್ಲ. 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯ ಸುದ್ದಿಯನ್ನು ಬೆಳ್ಳಂಬೆಳಗ್ಗೆ ಟ್ವೀಟ್ ಮಾಡಿದ್ದು ಪಾಕ್ ಸೇನೆಯ ವಕ್ತಾರ. ದಾಳಿ ಮಾಡಿದ ನಮ್ಮ ಕಡೆಯ ಹೇಳಿಕೆ ಬಂದದ್ದು ಗಂಟೆಗಳ ನಂತರ. ಮರುದಿನ ಬಡ್ಗಾಮ್‌ನಲ್ಲಿ ಎಂಐ-17 ಹೆಲಿಕಾಪ್ಟರ್ ಬಿದ್ದು ಆರು ಮಂದಿ ವಾಯುಪಡೆ ಸಿಬ್ಬಂದಿ ಸತ್ತರು. ಹೊಡೆದದ್ದು ನಮ್ಮದೇ ಕ್ಷಿಪಣಿ ಎಂದು ವಾಯುಪಡೆ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ. ತನಿಖೆಗೆ ಸಮಯ ಬೇಕು, ನಿಜ. 'ತನಿಖೆ ನಡೆದಿದೆ, ನಮ್ಮ ಕ್ಷಿಪಣಿಯ ಸಾಧ್ಯತೆಯನ್ನೂ ನೋಡುತ್ತಿದ್ದೇವೆ' ಎನ್ನಲು ಏಳು ತಿಂಗಳು ಬೇಕಿರಲಿಲ್ಲ.

ಸರಿಯಾಗಿ ಮಾಡಿದ ಉದಾಹರಣೆಯೂ ಇದೆ. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್ ಬಿತ್ತು. ವಾಯುಪಡೆಯ ಮೊದಲ ಟ್ವೀಟ್ ಅದೇ ಮಧ್ಯಾಹ್ನ ಬಂತು: ಹೆಲಿಕಾಪ್ಟರ್ ಯಾವುದು, ಅದರಲ್ಲಿ ಯಾರಿದ್ದರು, ಎಲ್ಲಿ ಬಿತ್ತು, ತನಿಖೆಗೆ ಆದೇಶವಾಗಿದೆ. ಅಷ್ಟೇ. ಬದುಕಿದ್ದಾರೋ ಇಲ್ಲವೋ ಎಂಬ ಬಗ್ಗೆ ಒಂದಕ್ಷರವಿಲ್ಲ. ಚಾನೆಲ್‌ಗಳು ಬಾಯಿಗೆ ಬಂದದ್ದು ಹೇಳುತ್ತಿದ್ದರೂ ಸಾವಿನ ಸುದ್ದಿ ಖಚಿತಪಡಿಸಿದ್ದು ಸಂಜೆಯೇ. ಗಾಯಗೊಂಡ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ಮರುದಿನ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ತಂದರು. 15ರಂದು ಅವರೂ ತೀರಿಕೊಂಡರು.

ಇಂಥ ನಾಲ್ಕು ಸಾಲು ಬರೆಯುವುದು ಪಿಆರ್‌ಓ, ಅಂದರೆ ಸೇನೆಯ ಸಾರ್ವಜನಿಕ ಸಂಪರ್ಕಾಧಿಕಾರಿಯ ಕೆಲಸ. ಕಳಿಸಲು ಒಪ್ಪಿಗೆ ಕೊಡುವವರು ಮೇಲಿನವರು. ನನ್ನ ಪ್ರಕಾರ ರೋಗ ಇರುವುದು ಅಲ್ಲಿ. ಕಾರ್ಯಾಚರಣೆ ಮುಗಿದ ಮೇಲೆ ಪಿಆರ್‌ಓನನ್ನು ಕರೆದು 'ಏನಾದರೂ ಬರೆದು ಕೊಡಪ್ಪ' ಎನ್ನುವ ಕಮಾಂಡರ್‌ಗೆ ಒಳ್ಳೆಯ ಹೇಳಿಕೆ ಸಿಗುವುದಿಲ್ಲ. ಯೋಜನೆ ಹಾಕುವಾಗಲೇ ಪಿಆರ್‌ಓ ಕೋಣೆಯಲ್ಲಿರಬೇಕು. ಪಿಆರ್‌ಓ ಆದವನಿಗೂ 'ಸರ್, ಇದನ್ನು ಮುಚ್ಚಿಟ್ಟರೆ ನಿಲ್ಲುವುದಿಲ್ಲ' ಎನ್ನುವ ಧೈರ್ಯ ಬೇಕು.

ಹಾಗೆಂದು ಆತುರವೂ ಸಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಹತ್ತು ಯೋಧರು ಸಿಲುಕಿದಾಗ, ಬದುಕುಳಿದಿರುವ ಸಾಧ್ಯತೆ ತೀರಾ ಕಡಿಮೆ ಎಂಬ ಹೇಳಿಕೆ ಬೇಗನೇ ಹೊರಟಿತು, ಸಂತಾಪಗಳೂ ಹರಿದವು. 8ರಂದು ಅದೇ ಹಿಮದಡಿಯಿಂದ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಒಂದೇ ವಾರದಲ್ಲಿ ಆ ಮನೆಯವರು ಎರಡು ಸಲ ಸಾವಿನ ಸುದ್ದಿ ಕೇಳಬೇಕಾಯಿತು.