ಒದ್ದದ್ದು ತಾಯಿಯನ್ನು, ಸತ್ತದ್ದು ಒಳಗಿನ ಮಗು

ಎಂಟು ತಿಂಗಳ ಬಸುರಿಯ ಹೊಟ್ಟೆಗೆ ಒದೆ ಬೀಳುತ್ತದೆ. ಆಕೆ ಬದುಕುತ್ತಾಳೆ, ಮಗು ಗರ್ಭದಲ್ಲೇ ಸಾಯುತ್ತದೆ. ಒದ್ದವನ ಮೇಲೆ ಕೊಲೆ ಕೇಸು ನಿಲ್ಲುತ್ತದೆಯೇ? ಭಾರತದಲ್ಲಿ ನಿಲ್ಲುವುದಿಲ್ಲ. ತಾಯಿಯ ಗರ್ಭದಲ್ಲಿರುವ ಮಗುವಿನ ಸಾವು ನರಹತ್ಯೆಯಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 100ರ ಮೂರನೇ ವಿವರಣೆ ಹೇಳುತ್ತದೆ. ಮಗುವಿನ ಯಾವುದೇ ಒಂದು ಭಾಗ ಹೊರಗೆ ಬಂದಿದ್ದರೆ ಮಾತ್ರ, ಅದು ಇನ್ನೂ ಉಸಿರಾಡಿರದಿದ್ದರೂ, ನರಹತ್ಯೆ ಆಗಬಹುದು. ಒಳಗೇ ಸತ್ತರೆ ಸೆಕ್ಷನ್ 92: ಗರಿಷ್ಠ 10 ವರ್ಷ ಜೈಲು, ಜೊತೆಗೆ ದಂಡ. ಹಳೆಯ ದಂಡ ಸಂಹಿತೆಯ 316ನೇ ಸೆಕ್ಷನ್ನೇ 2024ರ ಜುಲೈ 1ರಿಂದ ಈ ಹೊಸ ಸಂಖ್ಯೆಯಲ್ಲಿದೆ.

ಈ ಸೆಕ್ಷನ್‌ಗೆ ಎರಡು ಬೀಗಗಳಿವೆ. ಮೊದಲನೆಯದು, ಒಂದು ವೇಳೆ ಆ ಕೃತ್ಯದಿಂದ ತಾಯಿಯೇ ಸತ್ತಿದ್ದರೆ ಅದು ಅಪರಾಧಿಕ ನರಹತ್ಯೆ, ಅಂದರೆ ಸಾಯಿಸುವ ಉದ್ದೇಶದಿಂದಲೋ ಸಾಯಬಹುದೆಂಬ ತಿಳಿವಿನಿಂದಲೋ ಮಾಡಿದ ಹತ್ಯೆ, ಆಗುವಂತಿರಬೇಕು. ಜಗಳದಲ್ಲಿ ತಳ್ಳಿದಾಗ ಬಿದ್ದು ಮಗು ಹೋದರೆ ಇದನ್ನು ಸಾಬೀತು ಮಾಡುವುದು ಕಷ್ಟ. ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಿದವರಿಗೆ ಜೀವಾವಧಿವರೆಗೂ ಶಿಕ್ಷೆ ಕೊಡುವ ಸೆಕ್ಷನ್ 89 ಇದೆ ನಿಜ, ಆದರೆ ಅಲ್ಲಿ ಗರ್ಭಪಾತ ಮಾಡಿಸುವ ಉದ್ದೇಶವನ್ನೋ, ಆಗಬಹುದೆಂಬ ತಿಳಿವನ್ನೋ ತೋರಿಸಬೇಕು.

ಎರಡನೆಯ ಬೀಗ ‘ಕ್ವಿಕ್’ ಎಂಬ ಪದ. ಎಂದರೆ ಮಗು ಮಿಸುಕಾಡಿರಬೇಕು. ಇದು 1860ರ ಕಾನೂನಿನ ಮಾತು, ಸ್ಕ್ಯಾನಿಂಗ್ ಕನಸಿನಲ್ಲೂ ಇಲ್ಲದ ಕಾಲದ್ದು. ಚೊಚ್ಚಲ ಬಸುರಿಗೆ ಮಿಸುಕಾಟ ತಿಳಿಯುವುದು 18ರಿಂದ 20ನೇ ವಾರಕ್ಕೆ, ಎರಡನೇ ಬಾರಿ 16ರಿಂದ 18ಕ್ಕೆ. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿದ್ದರೆ ಇನ್ನೂ ತಡ. ಮಗುವಿನ ಹೃದಯದ ಬಡಿತವಾದರೋ ಸ್ಕ್ಯಾನ್‌ನಲ್ಲಿ ಆರನೇ ವಾರದ ಸುಮಾರಿಗೇ ಕಾಣುತ್ತದೆ. ತಾಯಿಗೆ ಯಾವಾಗ ಅನ್ನಿಸಿತು ಎಂಬುದರ ಮೇಲೆ ಶಿಕ್ಷೆ ನಿಲ್ಲುವುದು ವೈದ್ಯಶಾಸ್ತ್ರದ ಕಣ್ಣಿಗೆ ವಿಚಿತ್ರವೇ.

ಅಮೆರಿಕ ಬೇರೆ ದಾರಿ ಹಿಡಿಯಿತು. 1970ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಗರ್ಭಸ್ಥ ಶಿಶು ಕೊಲೆ ಕಾನೂನಿನ ‘ಮನುಷ್ಯ’ ಅಲ್ಲ ಎಂದಿತು. ಅದೇ ವರ್ಷ ಶಾಸನಸಭೆ ಕೊಲೆಯ ವ್ಯಾಖ್ಯೆಗೆ ‘ಭ್ರೂಣ’ ಎಂಬ ಪದ ಸೇರಿಸಿತು. 2004ರ ಏಪ್ರಿಲ್ 1ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಫೆಡರಲ್ ಕಾನೂನು, ಪಟ್ಟಿ ಮಾಡಿದ ಹಿಂಸಾ ಅಪರಾಧಗಳಲ್ಲಿ ಗರ್ಭದ ಶಿಶುವನ್ನು ಯಾವ ಹಂತದಲ್ಲಿದ್ದರೂ ಪ್ರತ್ಯೇಕ ಬಲಿಪಶು ಎಂದು ಎಣಿಸುತ್ತದೆ. ಆಕೆ ಬಸುರಿ ಎಂದು ಆರೋಪಿಗೆ ಗೊತ್ತಿರಬೇಕಿಲ್ಲ. ಆಕೆಯ ಒಪ್ಪಿಗೆಯ ಗರ್ಭಪಾತ, ವೈದ್ಯರ ಚಿಕಿತ್ಸೆ, ಸ್ವತಃ ಆಕೆ, ಈ ಮೂರನ್ನೂ ಕಾನೂನು ಹೊರಗಿಟ್ಟಿದೆ.

‘ಯಾವ ಹಂತದಲ್ಲಿದ್ದರೂ’ ಎಂದು ಬರೆಯುವುದು ಸುಲಭ, ಕಟಕಟೆಯಲ್ಲಿ ನಿರೂಪಿಸುವುದು ಕಷ್ಟ. 12 ವಾರದವರೆಗೆ ಗರ್ಭಕೋಶ ಸೊಂಟದ ಮೂಳೆಗಳ ಬಟ್ಟಲಿನೊಳಗೇ ಅಡಗಿರುತ್ತದೆ. ಹೊರಗಿನ ಪೆಟ್ಟು ನೇರವಾಗಿ ತಾಗುವುದು ಅಪರೂಪ. ಮೇಲಾಗಿ ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕೆ ಕ್ರೋಮೋಸೋಮಿನ ದೋಷವೇ ಕಾರಣ. ಸೋಮವಾರ ಹೊಡೆತ, ಗುರುವಾರ ಗರ್ಭಪಾತ ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು.

ತಿಂಗಳು ತುಂಬುತ್ತಾ ಬಂದಂತೆ ಕಥೆ ಬದಲಾಗುತ್ತದೆ. 20ನೇ ವಾರಕ್ಕೆ ಗರ್ಭಕೋಶ ಹೊಕ್ಕುಳ ಮುಟ್ಟುತ್ತದೆ. ತಾಯಿ ಬದುಕಿ ಮಗು ಸಾಯುವ ಪ್ರಕರಣಗಳಲ್ಲಿ ಮುಖ್ಯ ಕಾರಣ ಮಾಸು ಬೇರ್ಪಡುವುದು. ಸೈಕಲ್ ಟ್ಯೂಬಿಗೆ ಗಟ್ಟಿ ಪ್ಯಾಚ್ ಹಚ್ಚಿ ಟ್ಯೂಬನ್ನು ಎಳೆದು ನೋಡಿ: ರಬ್ಬರು ಹಿಗ್ಗುತ್ತದೆ, ಪ್ಯಾಚ್ ಹಿಗ್ಗುವುದಿಲ್ಲ, ಅಂಚು ಏಳುತ್ತದೆ. ಗರ್ಭಕೋಶದ ಸ್ನಾಯು ಆ ಟ್ಯೂಬು, ಮಾಸು ಆ ಪ್ಯಾಚು. ಎದ್ದ ಜಾಗದಲ್ಲಿ ರಕ್ತ ಸೇರಿ ಇನ್ನಷ್ಟು ಬಿಡಿಸುತ್ತದೆ, ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ರಕ್ತ ಹೊರಗೆ ಬರಲೇಬೇಕೆಂದಿಲ್ಲ, ಹಿಂದೆಯೇ ಅವಿತುಕೊಳ್ಳಬಹುದು.

ಆಸ್ಪತ್ರೆಯಲ್ಲಿ ಎಡವುವುದು ಇಲ್ಲಿಯೇ. ತುಂಬು ಬಸುರಿಯ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚಿರುತ್ತದೆ. ಒಂದು ಲೀಟರ್ ಹೋದರೂ ಬಿಪಿ ಇಳಿಯದಿರಬಹುದು, ಏಕೆಂದರೆ ದೇಹ ತನ್ನನ್ನು ಉಳಿಸಿಕೊಳ್ಳಲು ಮೊದಲು ಗರ್ಭಕೋಶಕ್ಕೆ ಹೋಗುವ ರಕ್ತವನ್ನೇ ಕಡಿತ ಮಾಡುತ್ತದೆ. ಸ್ಕ್ಯಾನ್‌ಗೆ ಮಾಸು ಬೇರ್ಪಟ್ಟದ್ದು ಅನೇಕ ಸಲ ಕಾಣುವುದೇ ಇಲ್ಲ. ಹಾಗಾಗಿ ಮಗು ಹೊರಗೆ ಬದುಕುವಷ್ಟು ಬೆಳೆದಿದ್ದರೆ ಕನಿಷ್ಠ 4 ಗಂಟೆ ಮಗುವಿನ ಹೃದಯ ಬಡಿತವನ್ನೂ ಗರ್ಭಕೋಶದ ಬಿಗಿತವನ್ನೂ ಯಂತ್ರದಲ್ಲಿ ದಾಖಲಿಸಬೇಕು. ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ನೋವು ಬಂದುಬಂದು ಹೋಗುತ್ತಿದ್ದರೆ, ರಕ್ತ ಕಂಡರೆ 24 ಗಂಟೆ.

ಮಗುವಿನ ರಕ್ತ ತಾಯಿಯಲ್ಲಿ ಬೆರೆತಿದೆಯೇ ಎಂದು ನೋಡಲು 1957ರಿಂದ ಒಂದು ಸರಳ ಪರೀಕ್ಷೆಯಿದೆ, ಕ್ಲೈಹೌವರ್-ಬೆಟ್ಕೆ. ತಾಯಿಯ ರಕ್ತವನ್ನು ಗಾಜಿನ ಮೇಲೆ ಸವರಿ ಆಮ್ಲದಲ್ಲಿ ಅದ್ದಿದರೆ ದೊಡ್ಡವರ ಹಿಮೋಗ್ಲೋಬಿನ್ ಕರಗಿ ಕಣಗಳು ಬಣ್ಣಗೆಟ್ಟ ನೆರಳಿನಂತಾಗುತ್ತವೆ, ಮಗುವಿನವು ಗುಲಾಬಿಯಾಗಿಯೇ ಉಳಿಯುತ್ತವೆ. ಮಗುವಿನ ಕಣಗಳ ಶೇಕಡಾವಾರನ್ನು 50ರಿಂದ ಗುಣಿಸಿದರೆ ಬೆರೆತ ರಕ್ತದ ಅಂದಾಜು ಮಿಲಿಲೀಟರ್‌ನಲ್ಲಿ ಸಿಗುತ್ತದೆ. ಶೇ. 0.4 ಎಂದರೆ 20 ಮಿಲಿ. ಆದರೆ ಪೆಟ್ಟಿಲ್ಲದ ಬಸುರಿಯರಲ್ಲೂ ಅಲ್ಪಸ್ವಲ್ಪ ಬೆರೆತಿರುವುದುಂಟು. ಇದೊಂದನ್ನೇ ಹಿಡಿದು ಪೆಟ್ಟಿನಿಂದಲೇ ಎನ್ನುವ ಹಾಗಿಲ್ಲ.

ಮಗು ಸತ್ತೇ ಹುಟ್ಟಿದರೆ ಮುಂದಿನ ಪ್ರಶ್ನೆ, ಸತ್ತದ್ದು ಯಾವಾಗ? ಗರ್ಭದೊಳಗಿನ ಸಾವಿಗೆ ಸಾಮಾನ್ಯವಾಗಿ ಕೊಳೆತವಿಲ್ಲ, ನೆನೆದ ಚರ್ಮ ಸುಲಿಯುವುದಿದೆ. ಒಂದು ಸೆಂಟಿಮೀಟರಿನಷ್ಟು ಸಿಪ್ಪೆ ಎದ್ದಿದ್ದರೆ, ಹೊಕ್ಕುಳಬಳ್ಳಿಯ ಬುಡ ಕಂದುಗೆಂಪಾಗಿದ್ದರೆ ಕನಿಷ್ಠ 6 ಗಂಟೆ. ಮುಖ, ಬೆನ್ನು, ಹೊಟ್ಟೆಯಲ್ಲೂ ಸುಲಿದಿದ್ದರೆ ಕನಿಷ್ಠ 12. ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಜಾರಿರುವುದಕ್ಕೆ ಸಾಮಾನ್ಯವಾಗಿ ದಿನಗಳೇ ಬೇಕು. ಬೆಳಿಗ್ಗೆ ಹಲ್ಲೆ, ಮಧ್ಯಾಹ್ನ ಹೆರಿಗೆ, ಶಿಶುವಿನ ಮೈಯೆಲ್ಲ ಸುಲಿದಿದೆ ಎಂದಾದರೆ ಪ್ರಾಸಿಕ್ಯೂಷನ್ ಕೇಸು ಅಲ್ಲಿಗೇ ಮುಗಿಯಿತು. ಶಿಶುವಿಗೆ ಎಷ್ಟು ತಿಂಗಳಾಗಿತ್ತು ಎಂದು ತಿಳಿಯಲು ಹಿಮ್ಮಡಿಯ ಮೂಳೆ ಕೊಯ್ದು ನೋಡುತ್ತಾರೆ. ಅದರೊಳಗೆ ಕೆಂಪು ಚುಕ್ಕೆಯಂತೆ ಮೂಳೆ ಕಟ್ಟತೊಡಗುವುದು ಐದನೇ ತಿಂಗಳಲ್ಲಿ, ಅದರ ಮೇಲಿನ ಮೂಳೆಯಲ್ಲಿ ಏಳನೇ ತಿಂಗಳಲ್ಲಿ.

ಮಗು ಜೀವಂತ ಹುಟ್ಟಿ ಉಸಿರಾಡಿತ್ತೇ ಎಂದು ತಿಳಿಯಲು ಶ್ವಾಸಕೋಶವನ್ನು ನೀರಿಗೆ ಹಾಕುವ ಪರೀಕ್ಷೆ 17ನೇ ಶತಮಾನದ್ದು. ಕೊಳೆತ ಅನಿಲದಿಂದಲೂ ಅದು ತೇಲುತ್ತದೆ, ಬಾಯಿಗೆ ಗಾಳಿ ಊದಿದ್ದರೂ ತೇಲುತ್ತದೆ. ಅದನ್ನೊಂದೇ ನಂಬಿದ ವರದಿಯನ್ನು ಯಾವ ವಕೀಲನೂ ಹರಿದುಹಾಕಬಲ್ಲ.

ಇಷ್ಟೆಲ್ಲ ಹುಡುಕಾಟದ ನಡುವೆ ಕಳೆದುಹೋಗುವ ವಸ್ತು ಮಾತ್ರ ಮಾಸು. ಹೆರಿಗೆ ಕೋಣೆಯಲ್ಲಿ ಅದು ಕಸ. ಅದರ ಬೆನ್ನಿಗೆ ಅಂಟಿದ ಹೆಪ್ಪು, ಆ ಹೆಪ್ಪು ಒತ್ತಿ ಮಾಡಿದ ಕುಳಿ, ಇವೇ ಬೇರ್ಪಟ್ಟದ್ದಕ್ಕೆ ಕಣ್ಣಾರೆ ಸಾಕ್ಷಿ. ತೂಗಿ, ಎರಡೂ ಮುಖಗಳ ಫೋಟೋ ತೆಗೆದು, ಡಿಎನ್ಎ ಪರೀಕ್ಷೆಗೆ ಒಂದು ತುಂಡನ್ನು ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಸೋಕಿಸದೆ ಎತ್ತಿಟ್ಟು, ಉಳಿದದ್ದನ್ನು ಶೇ. 10ರ ಫಾರ್ಮಲಿನ್‌ಗೆ ಹಾಕಬೇಕು. ಮೊದಲೇ ಫಾರ್ಮಲಿನ್‌ಗೆ ಬಿದ್ದರೆ ಡಿಎನ್ಎ ಹಾಳಾಗುತ್ತದೆ.

ಇನ್ನೊಂದು, ಕೇಸ್ ಶೀಟು. ‘ಎಫ್‌ಎಚ್‌ಎಸ್ ಪ್ಲಸ್’ (ಮಗುವಿನ ಹೃದಯದ ಸದ್ದು ಇದೆ) ಎಂದು ಗೀಚಿಬಿಟ್ಟರೆ ಮಗುವಿನ ಹೃದಯ ಯಾವ ಗಳಿಗೆಯವರೆಗೆ ಬಡಿಯುತ್ತಿತ್ತು ಎಂಬುದು ಯಾರಿಗೂ ತಿಳಿಯದು. ‘ಬೆಳಿಗ್ಗೆ 10.20, ನಿಮಿಷಕ್ಕೆ 140. 11.05, ನಿಮಿಷಕ್ಕೆ 90. 11.30, ಕೇಳಿಸಲಿಲ್ಲ’ ಎಂದು ಬರೆಯಲು ಅರ್ಧ ನಿಮಿಷ ಸಾಕು.