ಆ ಕಾಡು ಈರುಳ್ಳಿಯನ್ನು ಕಿತ್ತು ಬೇರೆ ಕಡೆ ನೆಟ್ಟರೆ ಬದುಕಲ್ವಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಮಂಜ್ ಈರುಳ್ಳಿ ಅಪಾಯದಲ್ಲಿದೆ ಅಂತ ಓದಿದೆ. ಈರುಳ್ಳಿ ತಾನೇ, ಗಡ್ಡೆ ಕಿತ್ತು ಬೇರೆ ಕಡೆ ನೆಟ್ಟರೆ ಆಗಲ್ವಾ?

ಗಡ್ಡೆ ಒಯ್ಯಬಹುದು. ಅದರ ಮಣ್ಣನ್ನು ಒಯ್ಯುವುದು ಹೇಗೆ?

ಗದಗ, ರೋಣದ ಕಡೆ ಎರೆ ಹೊಲ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮಳೆ ಬಿದ್ದರೆ ಹೆಜ್ಜೆಗೊಂದು ಹೆಂಟೆ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಅದೇ ಹೊಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕಿರುವ ರಿವರ್‌ಸೈಡ್ ಕೌಂಟಿಯ ಪಶ್ಚಿಮ ಭಾಗದಲ್ಲೂ ಇಂಥ ಜಿಗುಟು ಮಣ್ಣು ಇದೆ. ಆದರೆ ನಮ್ಮಲ್ಲಿಯ ಹಾಗೆ ಮೈಲುಗಟ್ಟಲೆ ಅಲ್ಲ. ಟೆಮೆಸ್ಕಲ್ ಕಣಿವೆ, ಗಾವಿಲಾನ್ ಗುಡ್ಡ, ಎಲ್ಸಿನೋರ್ ಶಿಖರ, ಹೀಗೆ ಅಲ್ಲೊಂದು ಇಲ್ಲೊಂದು ತುಂಡು, ಸುತ್ತ ಬೇರೆ ಮಣ್ಣು ಮತ್ತು ಕುರುಚಲು ಕಾಡು. ಮಂಜ್ ಈರುಳ್ಳಿ ಬೆಳೆಯುವುದು ಹೆಚ್ಚಾಗಿ ಆ ತುಂಡುಗಳಲ್ಲೇ. ಈ ಕೌಂಟಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಜಿಗುಟು ಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಒಂದೇ ಒಂದು ಎಲೆ ಬಿಡುತ್ತದೆ, ಕೊಳವೆಯ ಹಾಗೆ ಟೊಳ್ಳಾದ ಎಲೆ, ಆಮೇಲೆ ಒಂದು ಗೇಣಿನಷ್ಟೋ ಸ್ವಲ್ಪ ಜಾಸ್ತಿಯೋ ಎತ್ತರದ ದಂಟಿನ ತುದಿಯಲ್ಲಿ 10ರಿಂದ 35 ಪುಟ್ಟ ಹೂ. ಬಿಳಿ ಎಸಳು, ನಡುವೆ ಕೆಂಪು ಗೆರೆ, ಹೂ ಹಳೆಯದಾದಂತೆ ಕೆಂಪೇರುತ್ತದೆ. ನಮ್ಮ ಉಳ್ಳಾಗಡ್ಡಿ ಹೂವಿನ ಉಂಡೆಯನ್ನು ಸಡಿಲ ಮಾಡಿ ಚಿಕ್ಕದು ಮಾಡಿದ ಹಾಗೆ ಅಂದುಕೊಳ್ಳಿ. ಬೇಸಿಗೆ ಬಂದರೆ ಮೇಲಿನದೆಲ್ಲ ಒಣಗಿ ಹೋಗುತ್ತದೆ, ಗಡ್ಡೆ ನೆಲದೊಳಗೆ ಮಲಗುತ್ತದೆ.

ಬೀಜದಿಂದ ಹೂ ಬಿಡುವ ತನಕ 3ರಿಂದ 5 ವರ್ಷ ಬೇಕು. ಅಷ್ಟು ದಿನ ಅದನ್ನು ಸುಮ್ನೆ ಬಿಡಬೇಕಲ್ವಾ? ಬಿಟ್ಟಿಲ್ಲ. ಆ ಕಡೆಯ ಜೇಡಿಮಣ್ಣು ಇಟ್ಟಿಗೆಗೂ ಕೊಳವೆಗೂ ಒಳ್ಳೆಯದು, ಹಾಗಾಗಿ ಅಗೆದರು. ಮನೆಗಳು ಎದ್ದವು. ಕಾಡ್ಗಿಚ್ಚು ಹಬ್ಬದಿರಲಿ ಅಂತ ನೆಲ ಉಳುವುದರಿಂದಲೂ ಗಡ್ಡೆಗಳು ಹಾಳಾಗುತ್ತವೆ. ಹೊರಗಿನಿಂದ ಬಂದ ಕಾಡು ಓಟ್ಸ್‌ನಂಥ ಹುಲ್ಲು ದಟ್ಟವಾಗಿ ಎದ್ದು ಬೆಳಕನ್ನೇ ತಡೆಯುತ್ತದೆ. 1998ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯ ಎಂದು ಘೋಷಿಸಿತು.

ಈಗ ನಿಮ್ಮ ಪ್ರಶ್ನೆಗೆ ವಾಪಸ್ ಬರೋಣ. ಕುಂಡದಲ್ಲಿ ಕೆಲವು ಗಿಡ ಉಳಿಸಿಕೊಳ್ಳಬಹುದೇನೋ. ಆದರೆ ಅದು ತಾನಾಗಿ ಬಿತ್ತಿಕೊಂಡು, ಮೊಳೆತು, ವರ್ಷಾನುಗಟ್ಟಲೆ ಬದುಕಬೇಕು ಅಂದರೆ ಅದೇ ಮಣ್ಣು, ಅದೇ ಚಳಿಗಾಲದ ಮಳೆ, ಹುಲ್ಲಿನ ಕಾಟ ಇಲ್ಲದ ಬಯಲು ಎಲ್ಲ ಒಟ್ಟಿಗೆ ಬೇಕು. ನನ್ನ ಕೇಳಿದರೆ ಇರುವ ತುಂಡುಗಳನ್ನು ಹಾಗೇ ಉಳಿಸುವುದೇ ಮೊದಲ ಕೆಲಸ.

ಇನ್ನೊಂದು ವಿಷಯ. ಮಳೆ ಕಡಿಮೆಯಾದ ವರ್ಷ ಈ ಗಿಡ ಹೂ ಬಿಡುವುದಿಲ್ಲ, ಕೆಲವು ಗಿಡಗಳು ಎಲೆಯನ್ನೂ ಹೊರಗೆ ಹಾಕುವುದಿಲ್ಲ. ಅಂಥ ವರ್ಷ ಹೋಗಿ ನೋಡಿದವರಿಗೆ ಬರೀ ಬಿರುಕು ಬಿಟ್ಟ ನೆಲ ಕಾಣುತ್ತದೆ. ಹಾಗಾಗಿ ಒಳ್ಳೆ ಮಳೆಯಾದ ವರ್ಷ, ಹೂವಿನ ಹೊತ್ತಿಗೆ ಮತ್ತೆ ಬಂದು ನೋಡದೆ ಅಲ್ಲಿ ಏನೂ ಇಲ್ಲ ಅಂತ ಬರೆಯಬಾರದು.